ಮುಚ್ಚಳ ತೆಗೆಯುವ ಮಾವ

ಕಲ್ಯಾಣದುರ್ಗದ ನನ್ನ ಸೋದರಮಾವನಿಗೆ ಕಾವಿಗೆ ಕೂತ ಕೋಳಿಗಿಂತ ಹೆಚ್ಚು ತಾಯ್ತನವಿದೆ ಎಂದರೆ ನೀವು ನಗುತ್ತೀರಿ. ಕೋಳಿಯಾದರೂ ಮೊಟ್ಟೆಯ ಮೇಲೆ ಸುಮ್ಮನೆ ಕೂರುತ್ತದೆ. ಮಾವನಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ.

ಮರಿ ಮಾಡಿಸಲು ಅವರು ಇಟ್ಟುಕೊಂಡದ್ದು ಒಂದು ಥರ್ಮಾಕೋಲ್ ಪೆಟ್ಟಿಗೆ. ಒಳಗೊಂದು ಬಲ್ಬು, ಬಟ್ಟಲು ನೀರು, ಶಾಖ ತೋರಿಸುವ ಪುಟ್ಟ ಮೀಟರು. ಎಲ್ಲವನ್ನೂ ಹಿಂದೂಪುರದಿಂದ ತಂದುಕೊಟ್ಟವಳು ನಾನೇ. ಅಂದಿನಿಂದ ಆ ಕೋಣೆ ಬಾಣಂತಿ ಕೋಣೆಯಾಯಿತು. ಬಾಗಿಲಿಗೆ ಬೇವಿನಸೊಪ್ಪು. ಕಾಲು ತೊಳೆಯದೆ ಯಾರೂ ಮನೆ ಹತ್ತುವಂತಿಲ್ಲ. ಕರೆಂಟು ಬಿಲ್ಲಿನವನೂ ತೊಳೆದ, ಅವನ ಮೀಟರು ಇದ್ದದ್ದು ಹೊರಗೋಡೆಯಲ್ಲಿ!

ಮೊದಲ ಸಲ ಮರಿಗಳು ಚಿಪ್ಪನ್ನು ಕುಕ್ಕಿದವು, ಹೊರಗೆ ಬರಲಾಗದೆ ಅಲ್ಲೇ ಸತ್ತವು. ಮಾವ ಕರೆಂಟನ್ನು ಬೈದರು, ಬಲ್ಬನ್ನು ಬೈದರು, ಕೊನೆಗೆ ದೃಷ್ಟಿಯೇ ಇರಬೇಕೆಂದು ಪೆಟ್ಟಿಗೆಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿಗೆ ಏನಾಯಿತೋ, ಮನೆಯವರೆಲ್ಲ ಕೆಮ್ಮಿದರು.

ಅಷ್ಟರಲ್ಲಿ ಅವರ ಕೆಂಪು ಹೇಂಟೆಯನ್ನು ನಾಯಿ ಕಚ್ಚಿಕೊಂಡು ಹೋಯಿತು. ಉಳಿದದ್ದು ಅದರ ಒಂಬತ್ತು ಮೊಟ್ಟೆ. ಅವನ್ನೂ ಅದೇ ಪೆಟ್ಟಿಗೆಯಲ್ಲಿಟ್ಟರು. ಅಜ್ಜಿಯ ಕಾಲದಿಂದ ಮನೆಯಲ್ಲಿದ್ದ ತಳಿ; ಇವೂ ಕೆಟ್ಟರೆ ಅಲ್ಲಿಗೆ ಮುಗಿಯಿತು. ಮರಿ ಏಳಲು ಮೂರು ದಿನ ಇರುವಾಗ, ಪೆಟ್ಟಿಗೆಗೆ ಏನಾಗಿದೆ ನೋಡೆಂದು ನನ್ನನ್ನು ಕರೆಸಿದರು.

ದಿನಚರಿ ಬರೆಯುವ ನನಗೆ ಲೆಕ್ಕವಿಡುವುದು ಚಟ. ಮೂಲೆಯಲ್ಲಿ ಕೂತು ಗೀಟು ಎಳೆಯುತ್ತಾ ಹೋದೆ. ಸಂಜೆಗೆ ಮೂವತ್ತೊಂದಾಯಿತು.

"ಏನಮ್ಮಾ ಅದು?" ಎಂದರು ಮಾವ.

"ಇವತ್ತು ನೀವು ಮುಚ್ಚಳ ತೆಗ್ದಿದ್ದು. ತೆಗ್ದಾಗೆಲ್ಲ ಒಳಗಿನ ತೇವ ಹೋಯ್ತದೆ ಮಾವ. ಪೊರೆ ಒಣಗಿ ಮರೀಗೆ ಅಂಟ್ಕಂಡ್ರೆ ಅದು ಹೆಂಗೆ ಈಚೆಗೆ ಬತ್ತದೆ?"

"ಸಾರಿನ ಪಾತ್ರೆ ಮುಚ್ಚಳಾನೂ ಬುಡಲ್ಲ ಕಣಮ್ಮ ಇವ್ರು," ಎಂದು ಅತ್ತೆ ಅಡುಗೆಮನೆಯಿಂದಲೇ ಸೇರಿಸಿದರು. "ಅದ್ಕೇ ನಮ್ಮನೇಲಿ ಬೇಳೆ ಬೇಯಾಕಿಲ್ಲ."

ಮಾವ ನಗಲಿಲ್ಲ.

"ನೀನು ಏಳು ತಿಂಗ್ಳಿಗೇ ಹುಟ್ಬುಟ್ಟೆ. ಹಿಂದೂಪುರದ ಆಸ್ಪತ್ರೇಲಿ ನಿನ್ನೂ ಹಿಂಗೇ ಪೆಟ್ಟಿಗೇಲಿ ಮಡಗಿದ್ರು. ಒಂದ್ಸಲ ನೋಡ್ತೀನಿ ಅಂದ್ರೆ ನರ್ಸಮ್ಮ 'ಲೋಪಲಿಕಿ ರಾಕೂಡದು', ಒಳೀಕೆ ಬರಂಗಿಲ್ಲ ಅಂತ ಬಾಗ್ಲು ಹಾಕ್ಬುಟ್ಳು. ಉಸಿರೈತೋ ಇಲ್ವೋ ಅಂತ ಗೋಡೆಗೆ ಕಿವಿ ಇಟ್ಕಂಡು ನಿಂತಿದ್ದೆ. ಮುಚ್ಚಿದ ಪೆಟ್ಟಿಗೆ ಕಂಡ್ರೆ ನಂಗೆ ಕೈ ತಡೆಯಾಕಿಲ್ಲ ಕಣಮ್ಮ."

ಗೀಟಿನ ಹಾಳೆಯನ್ನು ಮಡಚಿಟ್ಟೆ. ಅತ್ತೆ ಹಳೆಯ ದೇವರ ಪಟವೊಂದರ ಗಾಜು ಬಿಚ್ಚಿಕೊಟ್ಟರು. ಮುಚ್ಚಳವನ್ನು ಚೌಕವಾಗಿ ಕೊರೆದು, ಗಾಜು ಕೂರಿಸಿ, ಸುತ್ತ ಟೇಪು ಅಂಟಿಸಿದೆ.

ಮೂರನೆಯ ದಿನ ಬೆಳಿಗ್ಗೆ ಮಾವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಾಜಿನ ಮೇಲೆ ಬಾಗಿ ನಿಂತಿದ್ದರು. ಒಳಗೆ ಒಂದು ಚಿಪ್ಪು ಎರಡಾಯಿತು. ಒದ್ದೆ ಮರಿಯೊಂದು ತಲೆಯೆತ್ತಿ, ಸೋತು, ಮತ್ತೆ ಎತ್ತಿತು.

"ಉಸಿರಾಡ್ತೈತೆ," ಎಂದರು ಮಾವ, ನನ್ನ ಮುಖವನ್ನೇ ನೋಡುತ್ತಾ.