ನಮ್ಮ ಸಭೆಯ ಎರಡು ಸರಕಾರಗಳು

ಹನ್ನೊಂದು ಮನೆ ಕ್ರೈಸ್ತರಿರುವ ಊರಿನಲ್ಲಿ ಉಪದೇಶಿಯಾಗಿದ್ದವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಪ್ರಾರ್ಥನಾ ಮನೆಯ ಬಾಗಿಲು ತೆಗೆದರೆ ಸಾಕು, ಚಪ್ಪಲಿ ಬಿಟ್ಟು ಏನಾದರೊಂದು ಒಳಗೆ ಬಂದೇ ಬರುತ್ತಿತ್ತು.

ನಾನು ಕೊಪ್ಪಳದಲ್ಲಿ ಉಪದೇಶಿ. ವಾರವೆಲ್ಲ ಮಕ್ಕಳಿಗೆ ಸಾಲಿ ಕಲಿಸುವುದು, ಭಾನುವಾರ ಸಭೆ ನಡೆಸುವುದು, ನಡುವೆ ಸೈಕಲ್ ತುಳಿದು ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಲ್ಲಿ ಚದುರಿದ್ದ ನಮ್ಮ ಒಂದೆರಡು ಮನೆಗಳನ್ನು ನೋಡಿಕೊಂಡು ಬರುವುದು. ಆದರೆ ಪ್ರಭುಭೋಜನದ ರೊಟ್ಟಿ ಮುರಿದು ಕೊಡುವ ಅಧಿಕಾರವೂ ಮದುವೆ ಮಾಡಿಸುವ ಅಧಿಕಾರವೂ ನನಗಿರಲಿಲ್ಲ. ಅದಕ್ಕೆ ಮೂರು ತಿಂಗಳಿಗೊಮ್ಮೆ ರೈಲಿನಲ್ಲಿ ಪಾದ್ರಿ ಅಯ್ಯನವರು ಬರಬೇಕು. ಬಂದವರು ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಒಬ್ಬರ ಮೇಲೊಬ್ಬರು ಮುನಿಸಿಕೊಂಡವರು ಯಾರಾದರೂ ಇದ್ದೀರೇನು?" ಇದ್ದರೆ ರಾಜಿಯಾಗುವ ತನಕ ರೊಟ್ಟಿಯಿಲ್ಲ, ಮದುವೆಯೂ ಇಲ್ಲ.

ನಾನು ಹೇಳುತ್ತಿರುವುದು ನಲವತ್ತೇಳರ ನಂತರದ ಒಂದು ವರ್ಷದ ಮಾತು. ಸುತ್ತೆಲ್ಲ ಸ್ವಾತಂತ್ರ್ಯ ಬಂದಿತ್ತು. ನಮ್ಮ ಸೀಮೆ ಮಾತ್ರ ನಿಜಾಮ ಸರಕಾರದಲ್ಲೇ ಉಳಿದಿತ್ತು. ಸಭೆಯಲ್ಲಿ ಇಬ್ಬರು ಹಿರಿಯರು. ಒಬ್ಬರು ಮಗ್ಗದವರು, ಖಾದಿ ನೇಯ್ದು ಖಾದಿಯನ್ನೇ ಉಟ್ಟು, ನಾವು ಇವತ್ತೇ ಹಿಂದುಸ್ತಾನಕ್ಕೆ ಸೇರಬೇಕು ಎನ್ನುವವರು. ಇನ್ನೊಬ್ಬರು ಟಪಾಲಿನವರು, ಸರಕಾರದ ಪಟ್ಟಿ ಸೊಂಟಕ್ಕೆ ಬಿಗಿದು, ಇದ್ದ ಸರಕಾರವೇ ಇರಲಿ ಎನ್ನುವವರು. ಮಗ್ಗದವರ ಮಗನಿಗೂ ಟಪಾಲಿನವರ ಮಗಳಿಗೂ ಮದುವೆ ನಿಶ್ಚಯವಾಗಿತ್ತು. ಸಂಬಂಧ ಕುದುರಿಸಿದವನು ನಾನು. ಅದು ಮುರಿದರೆ ಸಭೆ ಎರಡಾಗುತ್ತಿತ್ತು, ಐದೂವರೆ ಮನೆಗೊಂದರಂತೆ. ಸತ್ಯವಾಗಿ ಹೇಳುತ್ತೇನೆ, ನನಗೆ ಭಯವಾಗಿತ್ತು.

೧. ಕಣ್ಣು ಮುಚ್ಚಿದ ಮೇಲೆ

ಪ್ರಾರ್ಥನಾ ಮನೆಯೊಳಗೆ ರಾಜಕೀಯ ಮಾತಾಡಕೂಡದು ಎಂದು ನಾನೇ ನೇಮ ಮಾಡಿದೆ. ಇಬ್ಬರೂ ಒಪ್ಪಿದರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ನಮ್ಮಲ್ಲಿ ಒಬ್ಬರು ಪ್ರಾರ್ಥನೆ ಮಾಡುವಾಗ ಉಳಿದವರು ಕಣ್ಣು ಮುಚ್ಚಿ ಸುಮ್ಮನಿರಬೇಕು. ನಡುವೆ ಬಾಯಿ ಹಾಕುವಂತಿಲ್ಲ. ಕೊನೆಯಲ್ಲಿ ಎಲ್ಲರೂ ಆಮೆನ್ ಅನ್ನಬೇಕು. ಮುಂದಿನ ಭಾನುವಾರ ಟಪಾಲಿನವರು ಎದ್ದು ನಿಂತು ಕೈ ಜೋಡಿಸಿದರು.

"ಕರ್ತನೇ, ಅರಸರನ್ನ ಗಾದಿ ಮ್ಯಾಲೆ ಕುಂದ್ರಿಸಾವ ನೀನು. ನೀ ಕುಂದ್ರಿಸಿದವರನ್ನ ಏಳಸ್ತೀವಿ ಅಂತ ನಮ್ಮೊಳಗ ಕೆಲವರು ಹೊಂಟಾರ. ಅವರ ಹೆಸರು ನಾ ಹೇಳಂಗಿಲ್ಲ. ಅವರು ಕಿಟಕಿ ಕಡೆ ಕುಂತಾರ, ನಿನಗ ಕಾಣಸ್ತೈತಿ."

ಕಿಟಕಿಯ ಕಡೆ ಕೂತಿದ್ದ ಮಗ್ಗದವರು ಹಲ್ಲು ಕಚ್ಚಿಕೊಂಡು ಆಮೆನ್ ಅಂದರು. ಅಂದವರೇ ಎದ್ದರು.

"ಕರ್ತನೇ, ಕುಂದ್ರಿಸಾವನೂ ನೀನ, ಇಳಸಾವನೂ ನೀನ. ಆ ಎರಡನೇ ಮಾತು ನಮ್ಮ ಸಹೋದರರು ಮರತಾರ. ಅವರಿಗೆ ನೆನಪು ಕೊಡು. ಅವರು ದಿನಾ ಮಂದಿಗೆಲ್ಲ ಕಾಗದ ಹಂಚತಾರ, ಊರ ಸುದ್ದಿ ಅವರಿಗೇ ಗೊತ್ತಿಲ್ಲ."

ಹೀಗೆ ಐದು ವಾರ ನಡೆಯಿತು. ದೇವರಿಗೆ ಎರಡೂ ಪಕ್ಷದ ವಾದ ಬಾಯಿಪಾಠವಾಗಿರಬೇಕು. ಆರನೆಯ ವಾರ, ಸಭೆಯ ಅರ್ಧ ಮಂದಿಯನ್ನು ತನ್ನ ಕೈಯಾರೆ ಭೂಮಿಗೆ ತಂದಿದ್ದ ಸೂಲಗಿತ್ತಿ ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು.

"ಕರ್ತನೇ, ಇಬ್ಬರದೂ ಕೇಳಿದಿ. ಇಬ್ಬರೂ ನನ್ನ ಕೈಯಾಗ ಹುಟ್ಟಿದವರು. ಹುಟ್ಟಿದಾಗಲೂ ಹಿಂಗ ಒದರತಿದ್ದರು, ಹೊಟ್ಟಿ ತುಂಬಿದ ಮ್ಯಾಲೆ ಸುಮ್ಮನಾದ್ರು. ಮನ್ಯಾಗ ರೊಟ್ಟಿ ಆರಾಕತ್ತಾವು. ನಮ್ಮನ್ನ ಬಿಡು. ಆಮೆನ್."

ಆ ವರ್ಷ ಸಭೆಯೆಲ್ಲ ಒಂದೇ ದನಿಯಲ್ಲಿ ಆಮೆನ್ ಅಂದದ್ದು ಅದೊಂದೇ ಸಲ.

೨. ಕೂಡುವ ಜಾಗ

ಪ್ರಾರ್ಥನೆಯ ದಾರಿ ಹೀಗೆ ಮುಚ್ಚಿದ ಮೇಲೆ ಟಪಾಲಿನವರು ಹೊಸ ಪಟ್ಟು ಹಿಡಿದರು: "ಆ ಮಂದಿ ಜೋಡಿ ಒಂದ ಚಾಪಿ ಮ್ಯಾಲೆ ನಾ ಕುಂದ್ರಂಗಿಲ್ಲ."

ನಮ್ಮ ಪ್ರಾರ್ಥನಾ ಮನೆ ಒಂದೇ ಕೋಣೆ. ಎಡಕ್ಕೆ ಗಂಡಸರ ಚಾಪೆ, ಬಲಕ್ಕೆ ಹೆಂಗಸರ ಚಾಪೆ, ನಡುವೆ ಒಬ್ಬರು ನಡೆಯುವಷ್ಟು ದಾರಿ. ಮೂರನೆಯ ಪಕ್ಷಕ್ಕೆ ಜಾಗ ಮಾಡಿಸಿ ಯಾರೂ ಕಟ್ಟಿಸಿರಲಿಲ್ಲ. ಟಪಾಲಿನವರು ತಮ್ಮ ಪಕ್ಷದ ಮೂವರನ್ನು ಕರೆದುಕೊಂಡು ಹೆಂಗಸರ ಚಾಪೆಯ ಹಿಂದಿನ ತುದಿಗೆ ಹೋಗಿ ಗಂಭೀರವಾಗಿ ಕೂತರು.

ಅಜ್ಜಿ ಹಿಂತಿರುಗಿ ನೋಡಿದಳು. "ಬರ್ರಿ, ಬರ್ರಿ. ಈ ಕಡೆ ಕುಂತವರು ಕೂಸು ಹಿಡೀಬೇಕು ನೋಡ್ರಿ," ಅಂದು ಒಬ್ಬೊಬ್ಬರ ತೊಡೆಯ ಮೇಲೆ ಒಂದೊಂದು ಕೂಸು ಇಟ್ಟಳು. ಹೆಂಗಸರು ವರ್ಷಗಳ ಮೇಲೆ ಮೊದಲ ಸಲ ಎರಡೂ ಕೈ ಖಾಲಿಯಾಗಿ, ನೆಟ್ಟಗೆ ಕೂತು ಬೋಧನೆ ಕೇಳಿದರು. ನನಗೂ ಅಷ್ಟು ಗಮನ ಕೊಟ್ಟು ಕೇಳುವವರ ಮುಂದೆ ಮಾತಾಡಿ ರೂಢಿಯಿರಲಿಲ್ಲ, ಎರಡು ಸಲ ತೊದಲಿದೆ.

ಕೀರ್ತನೆ ಮುಗಿಯುವುದರೊಳಗೆ ಟಪಾಲಿನವರ ಪಂಚೆ ತೊಯ್ದಿತ್ತು. ಮರುವಾರ ಅವರು ಏನೂ ಹೇಳದೆ ಗಂಡಸರ ಚಾಪೆಗೆ ಬಂದು, ಮಗ್ಗದವರ ಪಕ್ಕದಲ್ಲೇ ಕೂತರು. ಮಗ್ಗದವರು ಮೆಲ್ಲಗೆ ಕೇಳಿದರು, "ಯಾಕ್ರಿ ಬೀಗರ, ಆ ಕಡೆ ಆಡಳಿತ ಸರಿ ಇರಲಿಲ್ಲೇನು?"

೩. ಸೋರುವ ಮಾಡು

ನಮ್ಮ ಗಂಡಸರು ಒಳಗೆ ಬರುವಾಗ ರುಮಾಲು, ಟೋಪಿ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ಮಗ್ಗದವರ ಬಿಳಿ ಖಾದಿ ಟೋಪಿಯೂ ಟಪಾಲಿನವರ ಸರಕಾರಿ ಗತ್ತಿನ, ಡಬ್ಬಿಯಂಥ ಕೆಂಪು ರೂಮಿ ಟೋಪಿಯೂ ಅಲ್ಲಿ ಪಕ್ಕಪಕ್ಕದಲ್ಲಿ, ತಮ್ಮ ಯಜಮಾನರಿಗಿಂತ ಸಮಾಧಾನವಾಗಿ ಕೂತಿರುತ್ತಿದ್ದವು.

ಒಂದು ಭಾನುವಾರ ಜೋರು ಮಳೆ ಬಂತು. ಮಾಡು ಎರಡು ಕಡೆ ಸೋರಿ, ಸರಿಯಾಗಿ ನನ್ನ ಮೇಜಿನ ಮೇಲಿನ ಪುಸ್ತಕಕ್ಕೇ ಹನಿ ಬೀಳತೊಡಗಿತು. ಪಾತ್ರೆ ತರೋಣವೆಂದರೆ ಹೊರಗೆ ಕಾಲಿಡುವ ಹಾಗಿಲ್ಲ. ನಾನು ಕೈಗೆ ಸಿಕ್ಕ ಎರಡೂ ಟೋಪಿ ತಂದು ಹನಿ ಬೀಳುವಲ್ಲಿ ಒಂದೊಂದನ್ನು ಮಗುಚಿ ಇಟ್ಟೆ. ಸಭೆಯ ಕಣ್ಣು ಬೋಧನೆ ಬಿಟ್ಟು ಟೋಪಿಯ ಮೇಲೆ ನಿಂತಿತು.

ಖಾದಿ ಟೋಪಿ ಎರಡು ನಿಮಿಷ ತಡೆದು ಕೆಳಗೆ ಸೋರಿತು. ರೂಮಿ ಟೋಪಿ ಗಟ್ಟಿಯಾಗಿ ನಿಂತು ಬಿದ್ದ ಹನಿಯನ್ನೆಲ್ಲ ಹಿಡಿಯಿತು.

ಟಪಾಲಿನವರಿಗೆ ತಡೆಯಲಾಗಲಿಲ್ಲ. "ನೋಡ್ರೆಪಾ, ಯಾವುದು ತಡೀತೈತಿ ಅನ್ನೋದು ಎಲ್ಲಾರೂ ನೋಡ್ರಿ."

"ನೋಡಾಕತ್ತೀವಿ," ಅಂದರು ಮಗ್ಗದವರು. "ಮ್ಯಾಲಿಂದ ಬಂದದ್ದನ್ನೆಲ್ಲ ತಾನ ಇಟಗೊಂಡೈತಿ, ಕೆಳಗಿನವರಿಗೆ ಒಂದ ಹನಿ ಬಿಟ್ಟಿಲ್ಲ."

೪. ಹುಡುಗಿಯ ಪ್ರಶ್ನೆ

ಅಯ್ಯನವರು ಒಮ್ಮೆ ಬಂದು, ತಮ್ಮ ಪ್ರಶ್ನೆ ಕೇಳಿ, ಇಬ್ಬರು ಹಿರಿಯರೂ ನೆಲ ನೋಡುವುದನ್ನು ಕಂಡು, ಪ್ರಭುಭೋಜನದ ತಟ್ಟೆ ಬಟ್ಟಲುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದರು. ಮದುವೆ ಮೂರು ತಿಂಗಳು ಮುಂದಕ್ಕೆ ಹೋಯಿತು. ಇನ್ನೊಂದು ಸಲ ಹೀಗಾದರೆ ಸಂಬಂಧವೇ ಬೇಡ ಎಂದು ಎರಡೂ ಮನೆಯವರು ನನ್ನ ಮುಂದೆಯೇ ಹೇಳಿದರು.

ಟಪಾಲಿನವರ ಮಗಳು ನನ್ನ ಹತ್ತಿರವೇ ನಾಲ್ಕನೆಯ ಇಯತ್ತೆ ತನಕ ಓದಿದವಳು. ಒಂದು ದಿನ ಬಾವಿಯ ಹತ್ತಿರ ಎದುರಾಗಿ ಕೊಡ ಕೆಳಗಿಟ್ಟಳು.

"ಮಾಸ್ತರ, ಹೈದರಾಬಾದದಾಗ ನಿಜಾಮಂದೂ ಹಿಂದುಸ್ತಾನದ್ದೂ ಮಾತುಕತಿ ನಡದೈತಂತಲ್ಲ, ಯಾವಾಗ ಮುಗೀತೈತ್ರಿ?"

ನನಗೆ ಹೆಮ್ಮೆಯಾಯಿತು. ನಾನು ಕಲಿಸಿದ ಹುಡುಗಿ ರಾಜ್ಯದ ವಿಚಾರ ಕೇಳುತ್ತಿದ್ದಾಳೆ! "ಯಾಕವಾ, ನೀನು ಯಾರ ಕಡಿ?"

"ನಾ ಯಾರ ಕಡಿನೂ ಅಲ್ರಿ. ದೊಡ್ಡ ದೊಡ್ಡ ಮಂದಿ ಎಲ್ಲಾ ಕುಂತು ನನ್ನ ಮದುವಿ ತಡದಾರಲ್ಲ, ಅದಕ್ಕ ಕೇಳಿದೆ."

ನಾನು ನಕ್ಕೆ. ಅವಳು ನಗಲಿಲ್ಲ, ಕೊಡ ಎತ್ತಿಕೊಂಡು ಹೋದಳು.

೫. ರಾಜಿ

ಅಯ್ಯನವರು ಮತ್ತೆ ಬರುವ ಭಾನುವಾರ ಹತ್ತಿರ ಬಂತು. ಇಬ್ಬರೂ ರಾಜಿಯಾಗಿದ್ದಾರೆ ಎಂದು ನಾನು ಮೊದಲೇ ಅವರಿಗೆ ಕಾಗದ ಬರೆದುಬಿಟ್ಟಿದ್ದೆ. ಸುಳ್ಳೇ. ಅದನ್ನು ನಿಜ ಮಾಡಲು ಶನಿವಾರ ಮಧ್ಯಾಹ್ನದ ತನಕ ನನಗೆ ಒಂದು ದಾರಿಯೂ ಹೊಳೆಯಲಿಲ್ಲ. ಕೊನೆಗೆ ಇಬ್ಬರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿ ಕೈ ಮುಗಿದೆ.

"ಇವತ್ತು ನಿಮ್ಮ ನಿಮ್ಮ ಮಾತು ಬ್ಯಾಡ್ರಿ. ಅವರ ಮಾತು ನೀವು ಹೇಳ್ರಿ, ನಿಮ್ಮ ಮಾತು ಅವರು ಹೇಳಲಿ. 'ಹೌದು, ಇದ ನನ್ನ ಮಾತು' ಅಂತ ಎದುರಿನವರು ಒಪ್ಪೋತನಕ ಬಿಡೂದಿಲ್ಲ."

ಟಪಾಲಿನವರು ಮೊದಲು ಶುರು ಮಾಡಿದರು. "ನಮ್ಮ ಬೀಗರು ಹೇಳೂದೇನಂದ್ರ, ಸೇರಬೇಕಂತ. ಮುಗೀತು."

"ಮುಗೀಲಿಲ್ಲ," ಅಂದರು ಮಗ್ಗದವರು. "ಯಾಕ ಸೇರಬೇಕು, ಅದು ಹೇಳ್ರಿ."

ಟಪಾಲಿನವರು ಮತ್ತೆ ಶುರು ಮಾಡಿದರು. "ಹೊಳಿ ಆಚಿ ಹೊಸಪೇಟಿಯವರು ಸ್ವತಂತ್ರ ಆಗ್ಯಾರ, ಈಚಿ ನಾವಿಲ್ಲ. ಕುಡಿಯೋ ನೀರು ಒಂದ. ಅವರಂಥವರ ನಾವು. ತಾನು ನೇದ ಬಟ್ಟಿ ಎತ್ತಿ ಕಟ್ಟಿದ್ರ ಅದು ಬಾವುಟ ಆಗ್ತೈತಿ ಅಂತ ತಿಳದವನು, ಅದನ್ನ ಪೆಟ್ಟಿಗ್ಯಾಗ ಮುಚ್ಚಿಟಗೊಂಡು ಎಷ್ಟು ದಿನ ಕುಂದ್ರಬೇಕು?"

ಸರಕಾರದವರಿಗೆ ಸಿಕ್ಕರೆ ಜೈಲಾಗುವ ಆ ಬಾವುಟ ಪೆಟ್ಟಿಗೆಯಲ್ಲಿರುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಟಪಾಲಿನವರಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. "ಹೌದು. ಇದ ನನ್ನ ಮಾತು," ಅಂದರು ಮಗ್ಗದವರು. ಆಮೇಲೆ ತಮ್ಮ ಸರದಿ ಹಿಡಿದರು.

"ನಮ್ಮ ಬೀಗರ ಅಪ್ಪಗ ಊರ ಬಾವಿ ನೀರು ಕೊಡತಿರಲಿಲ್ಲ. ಇವರು ಆ ಪಟ್ಟಿ ಬಿಗದು ಅಳವಂಡಿ, ಇರಕಲ್ಲಗಡ ಅಂತ ಇಪ್ಪತ್ತು ವರ್ಷ ಬಿಸಲಾಗ ಟಪಾಲ ಹೊತ್ತಾರ. ಈಗ ಗೌಡರೂ ಕಟ್ಟಿ ಮ್ಯಾಲೆ ಕುಂದ್ರಿಸಿ, ನಮ್ಮ ಕಾಗದ ಓದ್ರಿ ಅಂತಾರ. ನಾಳೆ ಹೊಸ ಸರಕಾರ ಬಂದು ಆ ಪಟ್ಟಿ ತಗಿ ಅಂದ್ರ, ಕಟ್ಟಿ ಮ್ಯಾಲಿಂದ ಇಳೀಬೇಕಾಗ್ತೈತಿ. ಅದ ಹೆದರಿಕಿ ಇವರಿಗೆ. ಉಳದದ್ದೆಲ್ಲಾ ಬರೇ ಜಗಳ."

ಟಪಾಲಿನವರು ಕಣ್ಣು ಒರೆಸಿಕೊಂಡರು. "ನಾ ಇದನ್ನ ನಿಮಗ ಹೇಳಿರಲಿಲ್ಲಲ್ರಿ."

"ಹೇಳಬೇಕೇನ್ರಿ?" ಅಂದರು ಮಗ್ಗದವರು.

ನನ್ನ ಕಣ್ಣಲ್ಲೂ ನೀರು ಬಂತು. ನನ್ನ ಸುಳ್ಳು ನಿಜವಾಯಿತು ಎಂದು ದೇವರಿಗೆ ಸ್ತೋತ್ರ ಹೇಳಿ ಮನೆಗೆ ಹೋದೆ.

ಮರುದಿನ ಸಭೆ ತುಂಬಿತ್ತು. ಮದುಮಗಳು ಬಿಳಿ ಸೀರೆಯುಟ್ಟು ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು. ಅಯ್ಯನವರು ತಟ್ಟೆ ಬಟ್ಟಲಿಟ್ಟು ತಮ್ಮ ಪ್ರಶ್ನೆ ಕೇಳಿದರು. ಮಗ್ಗದವರು ಎದ್ದರು.

"ಅಯ್ಯಾರ, ಮುನಿಸು ಹೋತು. ಇಡೀ ರಾತ್ರಿ ವಿಚಾರ ಮಾಡೀನಿ. ನಮ್ಮ ಬೀಗರು ಹೇಳೂದ ಖರೆ. ಇದ್ದ ಸರಕಾರನ ಇರಲಿ."

ಟಪಾಲಿನವರು ಧಡಕ್ಕನೆ ಎದ್ದರು. "ಛೇ, ಛೇ, ಇಲ್ರಿ ಅಯ್ಯಾರ. ನಾನೂ ನಿದ್ದಿ ಮಾಡಿಲ್ಲ. ಬೀಗರು ಹೇಳೂದ ಖರೆ. ಹಿಂದುಸ್ತಾನಕ್ಕ ಸೇರಬೇಕು."

"ಸೇರಿದ್ರ ನಿಮ್ಮ ಪಟ್ಟಿ ಗತಿ ಏನು?"

"ಪಟ್ಟಿ ಹೋಗಲಿ. ನಿಮ್ಮ ಬಾವುಟ ಪೆಟ್ಟಿಗ್ಯಾಗ ಕೊಳೀಬೇಕೇನು?"

"ಬಾವುಟ ನಂದು. ಅದು ಎಲ್ಲಿರಬೇಕು ಅಂತ ಹೇಳಾಕ ನೀವ್ಯಾರು?"

"ನಾನು ನಿಮ್ಮ ಪಕ್ಷದಾವ!"

ಅವರ ದನಿ ಚಾವಣಿ ಮುಟ್ಟಿತು. ಕೂಸುಗಳೆಲ್ಲ ಎದ್ದು ಅತ್ತವು. ಮದುಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಯ್ಯನವರು ನನ್ನ ಕಡೆ ತಿರುಗಿದರು.

"ಇಬ್ಬರೂ ರಾಜಿ ಆಗಿದ್ದಾರೆ ಅಂತ ಬರೆದಿದ್ದಿರಲ್ಲ?"

"ಆಗ್ಯಾರ್ರಿ," ಅಂದೆ. "ಸ್ವಲ್ಪ ಹೆಚ್ಚಾಗೇ ಆಗ್ಯಾರ." ನಿನ್ನೆ ನಡೆದದ್ದನ್ನೆಲ್ಲ ಹೇಳಿದೆ.

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಅವರ ಹೊಟ್ಟೆ ಅಲುಗುತ್ತಿತ್ತು. "ಒಬ್ಬರ ಪರವಾಗಿ ಒಬ್ಬರು ಜಗಳಾಡುವವರಿಗೆ ರೊಟ್ಟಿ ಕೊಡಬಾರದು ಅಂತ ನಮ್ಮ ಯಾವ ನೇಮದಲ್ಲೂ ಇಲ್ಲ. ಆದರೆ ಮೊದಲು ಹುಡುಗ ಹುಡುಗಿಯನ್ನು ಕರೆಯಿರಿ. ಇವರು ಇನ್ನೊಂದು ಸಲ ಪಕ್ಷ ಬದಲಿಸುವುದರೊಳಗೆ ಮದುವೆ ಮುಗಿಸಿಬಿಡೋಣ."

ಮದುವೆ ಆಯಿತು. ಮದುಮಗಳು ನನ್ನ ಕಡೆ ನೋಡಿ ಕೊನೆಗೂ ನಕ್ಕಳು. ಆಮೇಲೆ ಎಲ್ಲರೂ ರೊಟ್ಟಿಗೆ ಸಾಲಾಗಿ ಮೊಣಕಾಲೂರಿದರು. ಬೀಗರಿಬ್ಬರೂ ಭುಜಕ್ಕೆ ಭುಜ ತಾಗಿಸಿ ಪಕ್ಕಪಕ್ಕದಲ್ಲಿದ್ದರು. ನಾನು ಅವರ ಹಿಂದೆಯೇ ಇದ್ದುದರಿಂದ ಟಪಾಲಿನವರು ಪಿಸುಗುಟ್ಟಿದ್ದು ಕೇಳಿಸಿತು.

"ಏನ ಅನ್ರಿ ಬೀಗರ, ಇದ್ದ ಸರಕಾರನ ಇರಲಿ ಅನ್ನೋ ನಿಮ್ಮ ಮಾತು ನಾ ಒಪ್ಪಂಗಿಲ್ಲ."

"ಒಪ್ಪಬ್ಯಾಡ್ರಿ," ಅಂದರು ಮಗ್ಗದವರು, ಕಣ್ಣು ಮುಚ್ಚಿಕೊಂಡೇ. "ಅದು ನೀವ ಹೇಳಿದ್ದು."