ಬಾರ್ಡರಿನಲ್ಲಿದ್ದ ಗಂಡು

ಕೆಲವರ ಬೆನ್ನಿಗೆ ನೆಂಟರು ಬೀಳುತ್ತಾರೆ. ನನ್ನ ಬೆನ್ನಿಗೆ ಬಿದ್ದದ್ದು ಒಂದು ಇಂಗ್ಲಿಷ್ ಪದ. ಬಾರ್ಡರ್. ದೇಶಕ್ಕಾದರೆ ಗಡಿ, ಸೀರೆಗಾದರೆ ಅಂಚು. ನಿಮಗೆ ಗೊತ್ತಿರುತ್ತದೆ, ಬರೆದು ಅಭ್ಯಾಸವಿಲ್ಲದ ನನಗೆ ಹೇಳಿಬಿಟ್ಟರೆ ಸಮಾಧಾನ.

೧. ಮೆಸ್ಸಿನಲ್ಲಿ

ನಾನಾಗ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ನ್ಯೂಟೌನಿನ ಮೆಸ್ಸಿನಲ್ಲಿ ಊಟ. ಹಾಗೆ ತಿಂಗಳಿಗೆಂದು ಗೊತ್ತುಮಾಡಿಕೊಂಡು ಉಣ್ಣುವವನು ಬೋರ್ಡರ್. ಮೆಸ್ಸಿನ ಯಜಮಾನರ ಬಾಯಲ್ಲಿ ಅದು ಬಾರ್ಡರ್. ಚೀನಾ ಗಡಿಯಲ್ಲಿ ಯುದ್ಧ ನಡೆಯುತ್ತಿದ್ದ ದಿನಗಳು ಬೇರೆ.

ಶಿವಮೊಗ್ಗದ ಸೀರೆ ವ್ಯಾಪಾರಿಯೊಬ್ಬರ ಮಗಳನ್ನು ನೋಡಿ ಒಪ್ಪಿ ಬಂದಿದ್ದೆ. ಆಕೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ನಾನು ಕೆಲಸಕ್ಕೆ ಹೋಗಿದ್ದಾಗ ಆಕೆಯ ತಂದೆ ವಿಚಾರಿಸಲು ಮೆಸ್ಸಿಗೆ ಬಂದರಂತೆ.

"ಹುಡುಗ ಹೇಗೆ?"

"ನಮ್ಮ ಬಾರ್ಡರ್ ಸಾಮಿ. ಬಂಗಾರ."

"ಬಾರ್ಡರಾ? ಕಾರ್ಖಾನೆ ಅಂದಿದ್ರು?"

"ಕಾರ್ಖಾನೆಯವರನ್ನೇ ಬಾರ್ಡರ್‌ಗೆ ತಗೊಳ್ಳೋದು."

"ವಾಪಸ್ ಬರ್ತಾರಾ?"

ಯಜಮಾನರು ಹೆಮ್ಮೆಯಿಂದ, "ನಮ್ಮಲ್ಲಿ ಒಂದ್ಸಲ ಸೇರಿದವರು ವಾಪಸ್ ಹೋಗಿದ್ದೇ ಇಲ್ಲ ಸಾಮಿ" ಎಂದರು.

ಸಂಬಂಧ ಮುರಿಯಿತು.

೨. ಅಂಗಡಿಯಲ್ಲಿ

ವಿವರಿಸೋಣವೆಂದು ಶಿವಮೊಗ್ಗದ ಗಾಂಧಿ ಬಜಾರಿನ ಅವರ ಅಂಗಡಿಗೆ ಹೋದೆ. ಅವರಿರಲಿಲ್ಲ. ಗಾಬರಿಯಲ್ಲಿ ಅಂಗಡಿಯ ಗುಮಾಸ್ತರಿಗೆ, "ಬಾರ್ಡರ್ ವಿಷಯ ಮಾತಾಡ್ಬೇಕಿತ್ತು" ಎಂದೆ.

"ಕೂತ್ಕೊಳ್ಳಿ. ದೊಡ್ಡದಾ, ಸಣ್ಣದಾ?"

ಒಂದೊಂದೇ ಸೀರೆ ಬಿಚ್ಚಿದರು. ಇಲ್ಲ ಎನ್ನುವ ಧೈರ್ಯ ನನಗೆ ಎಂದೂ ಇದ್ದದ್ದಲ್ಲ. ಸಂಬಂಧ ಕೂಡಿಸಲು ಹೋದವನು ಸೀರೆ ಕೊಂಡು ಹೊರಬಂದೆ.

೩. ಮನೆಯಲ್ಲಿ

ಆ ಸೀರೆಯನ್ನೇ ಹಿಡಿದು ದುರ್ಗಿಗುಡಿಯ ಅವರ ಮನೆಗೆ ಹೋದೆ. ಹುಡುಗಿ ನನ್ನ ತೊದಲು ಪೂರ್ತಿ ಕೇಳಿ ತಂದೆಯನ್ನು ಕರೆದಳು.

"ಅಪ್ಪಾ, ಬೋರ್ಡ್ ಅಂದ್ರೆ ಹಲಗೆ. ಹಿಂದೆ ಹಲಗೆ ಮೇಲೆ ಊಟ ಬಡಿಸ್ತಿದ್ರು, ಹಾಗಾಗಿ ಉಣ್ಣೋನು ಬೋರ್ಡರ್. ಬಾರ್ಡರ್ ಅಂದ್ರೆ ಅಂಚು. ಎರಡೂ ಹಳೇ ದಾಯಾದಿಗಳು ಅಂತಾರೆ. ಇವರು ಹಲಗೆ ಕಡೆಯವರು."

"ಹಾಗಾದ್ರೆ ಬಂದೂಕ?"

"ಇವರ ಹತ್ರ ಇರೋದು ತಟ್ಟೆ."

ಇಂಥ ಬುದ್ಧಿಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಈಕೆಯೇ ನನ್ನ ಹೆಂಡತಿ ಎಂದು ಬೇರೆ ಹೇಳಬೇಕಿಲ್ಲ; ಆದರೂ ಹೇಳಿದೆ.

೪. ಚಪ್ಪರದಲ್ಲಿ

ಹೊಸ ಪದ ಕಲಿತ ಮಾವನವರು ಮದುವೆಗೆ ಬಂದವರಿಗೆಲ್ಲ, "ಅಳಿಯಂದಿರು ಬಾರ್ಡರ್ ಅಲ್ಲ, ಬೋರ್ಡರ್" ಎನ್ನುತ್ತಿದ್ದರು. ಅವರ ವಯಸ್ಸಾದ ಸೋದರತ್ತೆ ತಡೆದು ಕೇಳಿದರು:

"ಹಾಗಂದ್ರೇನೋ?"

"ಖಾಯಂ ಒಂದೇ ಕಡೆ ಮೂರು ಹೊತ್ತೂ ಉಣ್ಣೋರು, ಅತ್ತೆ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಡೀ ಚಪ್ಪರಕ್ಕೆ ಕೇಳುವಂತೆ ಹೇಳಿದರು:

"ಮನೆ ಅಳಿಯ ಅನ್ನು ಮಾರಾಯ. ಅದಕ್ಯಾಕೆ ಇಂಗ್ಲಿಷು?"