ಅರ್ಧ ಇಂಚಿನ ಸುಳ್ಳು

ಗ್ರಂಥಪಾಲಕಿ: ಇಲ್ಲ ಡಾಕ್ಟ್ರೇ, ಹೊಟ್ಟೆ ಉಬ್ಬಿಲ್ಲ ಅಂದ್ರೆ ಉಬ್ಬಿಲ್ಲ. ಪ್ಯಾಂಟಿಗಿಂತ ದೊಡ್ಡ ಸಾಕ್ಷಿ ಬೇಕಾ ನಿಮಗೆ?

ಡಾಕ್ಟರ್: ನಾನು ಪ್ಯಾಂಟನ್ನ ಕೇಳ್ತಿಲ್ಲಮ್ಮ, ನಿಮ್ಮನ್ನ ಕೇಳ್ತಿದೀನಿ.

ಗ್ರಂಥಪಾಲಕಿ: ನಾನಾದ್ರೂ ಸುಳ್ಳು ಹೇಳಬಹುದು, ಪ್ಯಾಂಟು ಹೇಳಲ್ಲ. ಹೊಲಿದವರು ಪಕ್ಕದಲ್ಲೇ ಕೂತಿದಾರೆ. ರೀ, ಹೇಳ್ರೀ. ಮಾತ್ರೆ ಶುರುವಾಗಿ ಮೂರು ತಿಂಗಳಾಯ್ತು, ಸೊಂಟದ ಗುಂಡಿ ಸಲೀಸಾಗಿ ಹಾಕ್ಕೋತಿದೀನಿ ತಾನೇ?

ದರ್ಜಿ: ಗುಂಡಿ... ಹ್ಞೂಂ. ಹಾಕ್ಕೋತಿದಾಳೆ.

ಗ್ರಂಥಪಾಲಕಿ: ಸ್ವಲ್ಪ ಜೋರಾಗಿ ಹೇಳಿ.

ದರ್ಜಿ: ದಿನವಿಡೀ ಲೈಬ್ರರಿಯಲ್ಲಿ ಜನರ ಬಾಯಿ ಮುಚ್ಚಿಸೋಳು, ಇಲ್ಲಿ ಬಂದು ನನ್ನ ಬಾಯಿ ಬಿಡಿಸ್ತಿದೀಯಲ್ಲೇ!

ಅವಳು ಕೈಚೀಲವನ್ನು ಹೊಟ್ಟೆಯ ಮೇಲಕ್ಕೆ ಇನ್ನಷ್ಟು ಎಳೆದುಕೊಂಡಳು. ಮುಟ್ಟು ನಿಲ್ಲುವ ಕಾಲ ಅವಳನ್ನು ಎಂಟು ತಿಂಗಳು ಹಿಂಡಿತ್ತು. ಇದ್ದಕ್ಕಿದ್ದಂತೆ ಎದೆಯಿಂದ ಕಿವಿಯವರೆಗೆ ಝಳ ಏರುತ್ತಿತ್ತು. ಹೊದಿಕೆ ಎಸೆದು, ಮತ್ತೆ ಹುಡುಕಿ, ಬೆಳಗಾಗುವುದನ್ನು ಕಾಯುವುದೇ ಒಂದು ಕೆಲಸವಾಗಿತ್ತು. ಹಾರ್ಮೋನ್ ಮಾತ್ರೆ ಬಂದ ಮೂರನೆಯ ವಾರಕ್ಕೆ ನಿದ್ದೆ ಬಂತು, ಗಂಡನ ಮನೆಗೆ ಹೋಗಿದ್ದ ಮಗಳು ಹೇಳದೆ ಕೇಳದೆ ಮರಳಿ ಬಂದ ಹಾಗೆ. ಹೊಟ್ಟೆಯ ವಿಷಯ ಬಾಯಿಬಿಟ್ಟರೆ ಡಾಕ್ಟರ್ ಮಾತ್ರೆ ನಿಲ್ಲಿಸಿಬಿಟ್ಟರೆ? ಆ ನಿದ್ದೆಯನ್ನು ಅವಳು ಯಾರಿಗೂ ಬಿಟ್ಟುಕೊಡಲು ತಯಾರಿರಲಿಲ್ಲ.

ಹೊಟ್ಟೆಗೆ ಇದೊಂದೂ ಗೊತ್ತಿರಲಿಲ್ಲ. ಅದು ಗುಡುಗಿತು. ಮೊದಲು ಮೆಲ್ಲಗೆ, ಆಮೇಲೆ ಯಾರೋ ಮಹಡಿಯ ಮೇಲೆ ಬೀರು ಎಳೆದ ಹಾಗೆ.

ಡಾಕ್ಟರ್: ಏನದು?

ದರ್ಜಿ: ನಂದು! ಬೆಳಗ್ಗೆಯಿಂದ ಏನೂ ತಿಂದಿಲ್ಲ ನೋಡಿ.

ಡಾಕ್ಟರ್: ನಿಮ್ಮ ಹೊಟ್ಟೆ, ಅವರ ಕುರ್ಚಿಯಿಂದ ಕೂಗ್ತಾ?

ದರ್ಜಿ: ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತಲ್ಲ ಡಾಕ್ಟ್ರೇ.

ಡಾಕ್ಟರ್ ಚಾಳೀಸು ತೆಗೆದು ಒರೆಸಿಕೊಂಡರು. ನಗು ಅಡಗಿಸಲು ಅವರಿಗೆ ಅಷ್ಟು ಹೊತ್ತು ಬೇಕಾಗಿತ್ತು.

ಡಾಕ್ಟರ್: ಆಯ್ತು. ಮಾತ್ರೆ ಹೊಟ್ಟೆಗೆ ಒಗ್ಗಿದೆ ಅಂತೀರಿ. ಝಳ?

ಗ್ರಂಥಪಾಲಕಿ: ಮುಕ್ಕಾಲು ಪಾಲು ಹೋಗಿದೆ. ಮಧ್ಯಾಹ್ನ ಒಂದೊಂದ್ಸಲ ಬರುತ್ತೆ, ಅಷ್ಟೇ.

ಡಾಕ್ಟರ್: ಹಾಗಾದ್ರೆ ಡೋಸ್ ಒಂದು ಮೆಟ್ಟಿಲು ಏರಿಸೋಣ. ಹೇಗೂ ಹೊಟ್ಟೆಗೆ ತೊಂದರೆ ಇಲ್ವಲ್ಲ.

ದರ್ಜಿ: ಅಯ್ಯೋ ಬೇಡಿ ಡಾಕ್ಟ್ರೇ! ಬಿಡೋಕೆ ಇನ್ನು ಬಟ್ಟೆಯೇ ಇಲ್ಲ!

ಅವಳು ಕುರ್ಚಿಯಲ್ಲೇ ಗಂಡನ ಕಡೆ ತಿರುಗಿದಳು.

ಗ್ರಂಥಪಾಲಕಿ: ಯಾವ ಬಟ್ಟೆ?

ದರ್ಜಿ: ಪ್ಯಾಂಟಿನ ಹಿಂದೆ, ಹೊಲಿಗೆ ಒಳಗೆ ಮಡಿಸಿ ಇಟ್ಟಿರ್ತೀವಲ್ಲ, ಅದು. ನಾಲ್ಕು ಪ್ಯಾಂಟಿಂದೂ ಮುಗೀತು.

ಗ್ರಂಥಪಾಲಕಿ: ನನ್ನ ಪ್ಯಾಂಟಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿದೀರಾ?

ದರ್ಜಿ: ಅರ್ಧ ಇಂಚು. ಆಮೇಲೆ ಇನ್ನರ್ಧ. ಆಮೇಲೆ...

ಗ್ರಂಥಪಾಲಕಿ: ಯಾವಾಗ?

ದರ್ಜಿ: ಬೆಳಗ್ಗೆ ಐದಕ್ಕೆ ಎದ್ದು. ಮುಂಚೆ ಸೂಜಿ ಬಿದ್ರೂ ನೀನು ಏಳ್ತಿದ್ದೆ. ಈ ಮಾತ್ರೆ ಬಂದ್ಮೇಲೆ ಪಕ್ಕದಲ್ಲಿ ಮೆಷಿನ್ ತುಳಿದ್ರೂ ಗೊರಕೆ ಹೊಡೀತೀಯ.

ಗ್ರಂಥಪಾಲಕಿ: ನಾನು ಸಣ್ಣ ಆಗಿದೀನಿ ಅಂತ ಅಕ್ಕನಿಗೆ ಫೋನ್ ಮಾಡಿ ಹೇಳಿದೀನಲ್ರೀ! ಹೇಗೆ ಸಣ್ಣ ಆದೆ ಅಂತ ಅವಳು ಕೇಳಿದ್ಲು, ಅರ್ಧ ಗಂಟೆ ಉಪದೇಶ ಬೇರೆ ಮಾಡಿದೀನಿ!

ದರ್ಜಿ: ಕೇಳಿಸ್ಕೊಂಡೆ. ಚೆನ್ನಾಗಿ ಹೇಳ್ದೆ.

ಗ್ರಂಥಪಾಲಕಿ: ನಾಚಿಕೆ ಆಗಲ್ವಾ?

ದರ್ಜಿ: ಆಗುತ್ತೆ. ಆದ್ರೆ ಆ ಮೊದಲ ದಿನ ಗುಂಡಿ ಹಿಡೀದೆ ಮಂಚದ ತುದೀಲಿ ಕೂತು, 'ಈ ಮಾತ್ರೇನೇ ಬೇಡ, ಎಸೀತೀನಿ' ಅಂದ್ಯಲ್ಲ. ಮಾರನೇ ದಿನ ಗುಂಡಿ ಹಾಕ್ಕೊಂಡು ಕನ್ನಡಿ ಮುಂದೆ ನಕ್ಕೆ. ಆ ನಗು ನೋಡಿದ್ಮೇಲೆ ಹೇಳೋಕೆ ನಾಲಗೆ ಏಳ್ಲಿಲ್ಲ.

ಅವಳಿಗೆ ಬೈಯಬೇಕಾಗಿತ್ತು. ಬೈಗುಳ ಗಂಟಲವರೆಗೆ ಬಂದು, ದಾರಿಯಲ್ಲಿ ಏನೋ ಮರೆತವರಂತೆ ಹಿಂದಕ್ಕೆ ಹೋಯಿತು.

ಗ್ರಂಥಪಾಲಕಿ: ಸರಿ ಡಾಕ್ಟ್ರೇ, ನಂದೂ ಬರ್ಕೊಳ್ಳಿ. ಹೊಟ್ಟೆ ಕುಂಬಳಕಾಯಿ ಥರ ಉಬ್ಬುತ್ತೆ. ಬೆಳಗ್ಗೆ ವಾಕರಿಕೆ. ಮೊನ್ನೆ ಓದೋ ಕೋಣೇಲಿ ಇಬ್ಬರು ಪಿಸುಗುಡ್ತಿದ್ರು, 'ಶ್ಶ್' ಅಂದೆ. ಅದೇ ಹೊತ್ತಿಗೆ ಇದು ಗುಡುಗ್ತು. ಪೇಪರ್ ಓದೋ ತಾತ ತಲೆ ಎತ್ತಿ, ಗೋಡೆ ಮೇಲಿನ 'ಮೌನವಾಗಿರಿ' ಬೋರ್ಡ್ ತೋರಿಸಿದ್ರು. ನನಗೆ! ಆದ್ರೆ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ದಮ್ಮಯ್ಯ, ನನಗೆ ನಿದ್ದೆ ಬೇಕು.

ಡಾಕ್ಟರ್: ನಿಲ್ಲಿಸ್ತೀನಿ ಅಂತ ಯಾರು ಹೇಳಿದ್ದು? ಯಾವಾಗಿಂದ ಉಬ್ಬುತ್ತೆ, ದಿನಾನಾ, ಬಿಟ್ಟು ಬಿಟ್ಟಾ?

ಗ್ರಂಥಪಾಲಕಿ: ಅದೆಲ್ಲ ಯಾರು ಲೆಕ್ಕ ಇಟ್ಟಿದಾರೆ?

ದರ್ಜಿ ಜೇಬಿಗೆ ಕೈ ಹಾಕಿ, ಎಣ್ಣೆಯ ಕಲೆ ಹಿಡಿದ ಅಳತೆ ಪುಸ್ತಕವನ್ನು ತೆಗೆದ. ಕಳ್ಳ ತಾನೇ ಮಾಲು ತಂದು ಠಾಣೆಯ ಮೇಜಿನ ಮೇಲಿಟ್ಟಂತಿತ್ತು ಅವನ ಮುಖ.

ದರ್ಜಿ: ಮೊದಲ ತಿಂಗಳು ಇಪ್ಪತ್ತೊಂದನೇ ತಾರೀಕಿಗೆ ಅರ್ಧ ಇಂಚು ಬಿಟ್ಟೆ. ಮುಂದಿನ ತಿಂಗಳು ನಾಲ್ಕಕ್ಕೆ ವಾಪಸ್ ಹಿಡಿದೆ. ಮತ್ತೆ ಇಪ್ಪತ್ತೆರಡಕ್ಕೆ ಒಂದಿಂಚು ಬಿಟ್ಟೆ. ಮೂರಕ್ಕೆ ಹಿಡಿದೆ.

ಗ್ರಂಥಪಾಲಕಿ: ವಾಪಸ್ ಯಾಕೆ ಹಿಡಿದ್ರಿ?

ದರ್ಜಿ: ದೊಗಲೆ ಪ್ಯಾಂಟಲ್ಲಿ ನೀನು ಓಡಾಡಿದ್ರೆ ನನ್ನ ಅಂಗಡಿ ಮಾನ ಏನಾಗಬೇಕು? ಈ ತಿಂಗಳು ಇಪ್ಪತ್ತೊಂದಕ್ಕೆ ಒಂದೂವರೆ ಬಿಟ್ಟೆ. ಅಲ್ಲಿಗೆ ಬಟ್ಟೆ ಮುಗೀತು.

ಡಾಕ್ಟರ್ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ದಿನಾಂಕಗಳ ಮೇಲೆ ಪೆನ್ನು ಓಡಿಸಿದರು.

ಡಾಕ್ಟರ್: ಬಿಳಿ ಮಾತ್ರೆ ದಿನಾ ತಗೋತೀರಿ. ಹಳದಿ?

ಗ್ರಂಥಪಾಲಕಿ: ತಿಂಗಳ ಕೊನೇ ಹನ್ನೆರಡು ದಿನ. ಹತ್ತೊಂಬತ್ತರಿಂದ.

ಡಾಕ್ಟರ್: ನೋಡಿ, ಹಳದಿ ಶುರುವಾದ ಎರಡು ಮೂರು ದಿನಕ್ಕೆ ಉಬ್ಬುತ್ತೆ, ಬಿಟ್ಟ ಕೆಲವು ದಿನಕ್ಕೆ ಇಳಿಯುತ್ತೆ. ನಿಮ್ಮ ಹೊಟ್ಟೆಗೆ ಆಗದೇ ಇರೋದು ಹಳದಿ ಅನ್ಸುತ್ತೆ. ಅದನ್ನ ಬಿಡೋ ಹಾಗಿಲ್ಲ, ಗರ್ಭಕೋಶಕ್ಕೆ ಅದೇ ಕಾವಲು. ಆದ್ರೆ ಬೇರೆ ಥರದ್ದು ಬರ್ಕೊಡ್ತೀನಿ. ಬಿಳಿದು ಹಾಗೇ ಇರಲಿ, ಏರಿಸೋದೂ ಬೇಡ. ಅದನ್ನ ಹೇಗೆ ತಗೋತೀರಿ?

ಗ್ರಂಥಪಾಲಕಿ: ಬೆಳಗ್ಗೆ ಕಾಫಿ ಜೊತೆ. ಬಸ್ಸಿಗೆ ಓಡ್ತಾ.

ಡಾಕ್ಟರ್: ಬರೀ ಹೊಟ್ಟೆಗೆ? ವಾಕರಿಕೆ ಬರದೆ ಇನ್ನೇನು ಬರುತ್ತೆ! ರಾತ್ರಿ ಊಟ ಆದ್ಮೇಲೆ ತಗೊಳ್ಳಿ. ಉಪ್ಪು ಸ್ವಲ್ಪ ಕಮ್ಮಿ ಮಾಡಿ. ಆಗ್ಲೂ ಸರಿಹೋಗದಿದ್ರೆ ಚರ್ಮಕ್ಕೆ ಅಂಟಿಸೋ ಪಟ್ಟಿ ಇದೆ, ಹೊಟ್ಟೆಯ ತಂಟೆಗೇ ಹೋಗಲ್ಲ. ಇಪ್ಪತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಬರೆದಿಟ್ಟ ರೋಗಿಯನ್ನ ನಾನು ನೋಡಿಲ್ಲ. ಆದ್ರೆ ಬರೆದಿದ್ದು ರೋಗಿ ಅಲ್ಲ. ಟೇಲರ್ರೇ, ಮುಂದಿನ ಸಲ ಪುಸ್ತಕ ಮರೀಬೇಡಿ.

ಗ್ರಂಥಪಾಲಕಿ: ಕದ್ದು ಮಾಡಿದವರಿಗೆ ಬಹುಮಾನ. ಚೆನ್ನಾಗಿದೆ.

ಹೊರಗೆ ಬೆಂಚಿನ ಮೇಲೆ ಕೂತು ಅವಳು ಕೈ ಚಾಚಿದಳು. ಅವನು ಪುಸ್ತಕ ಕೊಟ್ಟ. ಕೈಗೆ ಸಿಕ್ಕ ಪುಸ್ತಕದಲ್ಲಿ ಒಂದೇ ಪುಟ ನೋಡಿ ಮುಚ್ಚುವ ಅಭ್ಯಾಸ ಅವಳಿಗೆ ಇರಲಿಲ್ಲ. ಎಲ್ಲ ಪುಟಕ್ಕೂ ಗಿರಾಕಿಯ ಹೆಸರಿತ್ತು, ಒಂದಕ್ಕೆ ಮಾತ್ರ ಇರಲಿಲ್ಲ.

ಗ್ರಂಥಪಾಲಕಿ: ಇದ್ಯಾರ್ದು? ಸೊಂಟ ಮೂವತ್ನಾಲ್ಕು, ಅದನ್ನ ಹೊಡೆದುಹಾಕಿ ಮೂವತ್ತೈದು. ಅದನ್ನ ಹೊಡೆದು ಮೂವತ್ತಾರು. ಈಗ ಮೂವತ್ತೇಳು!

ದರ್ಜಿ: ಯಾರೋ... ಹಳೇ ಗಿರಾಕಿ.

ಗ್ರಂಥಪಾಲಕಿ: 'ಎಡಭುಜ ಇಳಿಜಾರು' ಅಂತ ಬರ್ದಿದೆ. ಇಪ್ಪತ್ತಾರು ವರ್ಷದಿಂದ ಅದೇ ಭುಜದ ಪಕ್ಕ ಕೂತಿದೀನಿ.

ದರ್ಜಿ ಬೆಂಚಿನಿಂದ ಎದ್ದು ಬಸ್ಸು ಬರುವ ಕಡೆ ನೋಡಿದ. ಬಸ್ಸು ಇರಲಿಲ್ಲ.

ಗ್ರಂಥಪಾಲಕಿ: ನಡೀರಿ ಒಳಗೆ.

ದರ್ಜಿ: ಮತ್ತೆ ಯಾಕೆ?

ಗ್ರಂಥಪಾಲಕಿ: ನೀವು ಯಾವ ಬಣ್ಣದ ಮಾತ್ರೆ ನುಂಗ್ತಿದೀರಿ ಅಂತ ಡಾಕ್ಟ್ರೇ ಕೇಳ್ಲಿ.